ಏಳು ಸೀಟು, ಒಂದು ಲೀಟರು, ಎರಡು ಘಟ್ಟ

ಮೊದಲ ದಿನ: ತೊಟ್ಟಿಲು ಹೊತ್ತ ಕಾರು

ಏಳು ಸೀಟಿನ ಕಾರಿನಲ್ಲಿ ಏಳು ಜನ ಕೂತರೆ ಚೀಲಗಳಿಗೆ ಜಾಗವಿಲ್ಲ ಎಂಬುದು ನಮಗೆ ಗೊತ್ತಾಗಿದ್ದು ಕಾರು ತಂದ ಮೂರು ವರ್ಷದ ಮೇಲೆ, ಹೊರಡುವ ದಿನ ಬೆಳಿಗ್ಗೆ ಆರು ಗಂಟೆಗೆ. ಅಲ್ಲಿಯವರೆಗೆ ನಮ್ಮ ರೆನೋ ಟ್ರೈಬರಿನ ಕೊನೆಯ ಎರಡು ಸೀಟುಗಳು ಮಹಡಿಯ ಕೋಣೆಯಲ್ಲಿ ಹಳೇ ಸೀರೆ ಹೊದ್ದುಕೊಂಡು ಕೂತಿದ್ದವು. ಹುಬ್ಬಳ್ಳಿಯಲ್ಲಿ ಆಫೀಸು, ಶಾಲೆ, ಸಂತೆ ಎಂದು ತಿರುಗುವುದಕ್ಕೆ ಐದು ಸೀಟು ಸಾಕು. ಆಗ ಹಿಂದೆ 625 ಲೀಟರ್ ಜಾಗ; ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು ಏನು ಬೇಕಾದರೂ ಹಿಡಿಯುತ್ತದೆ. ಎರಡೂ ಸೀಟು ಹಾಕಿ ಡಿಕ್ಕಿ ತೆರೆದರೆ ಉಳಿಯುವುದು 84 ಲೀಟರ್. ಅವ್ವನ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿ, ನೀರಿನ ಕ್ಯಾನು ಇಟ್ಟಲ್ಲಿಗೆ ಅದು ಮುಗಿಯಿತು.

ಉಳಿದ ಚೀಲಗಳನ್ನು ಕಾಲಡಿ, ತೊಡೆ ಮೇಲೆ, ಸೀಟಿನ ಸಂದಿಯಲ್ಲಿ ಹೇಗೋ ತುರುಕಿದೆವು. ಅಷ್ಟರಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಆಟೋದಲ್ಲಿ ಬಂದಿಳಿದಳು. ಅವಳ ಹಿಂದೆ ತೊಟ್ಟಿಲು ಇಳಿಯಿತು.

ಈ ಪ್ರವಾಸಕ್ಕೆ ಮೂಲ ಕಾರಣವೇ ಮೌಶಿ. ಅವಳ ಮಗಳು, ಅಂದರೆ ನನ್ನ ತಂಗಿ, ಶಿರಸಿ ಕಡೆ ಶಿಕ್ಷಕಿ. ಹುಬ್ಬಳ್ಳಿಯಲ್ಲಿ ಬಾಣಂತನ ಮುಗಿಸಿ ಕೂಸಿನ ಜೋಡಿ ಶಿರಸಿಗೆ ಹೋಗಿ ವಾರವಾಗಿತ್ತು. ಕೂಸನ್ನು ನೋಡಿಕೊಳ್ಳಲು ಮೌಶಿ ಹೋಗಬೇಕು. ಮೌಶಿಯನ್ನು ಬಿಡಲು ನಾವು ಹೋಗಬೇಕು. ಹೋಗುವುದೇ ಆದರೆ ಗೋಕರ್ಣ, ಕಾರವಾರ ನೋಡಿಕೊಂಡು ಬರೋಣ ಎಂದು ಹೆಂಡತಿ. ಹಾಗಾದರೆ ನಾವೇನು ಪಾಪ ಮಾಡಿದ್ದೇವೆ ಎಂದು ಅಪ್ಪ, ಅವ್ವ. ಮಕ್ಕಳಿಬ್ಬರಿಗೆ ಬೇಸಿಗೆ ರಜೆ. ತೊಟ್ಟಿಲಿನ ಮಾತು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಅದು ಕಲಘಟಗಿ ತೊಟ್ಟಿಲು. ಅರಗಿನ ಬಣ್ಣ ಹಾಕಿ, ಮೈತುಂಬ ಚಿತ್ರ ಬರೆದ, ನನ್ನ ಅಜ್ಜಿಯ ಕಾಲದ್ದು. “ಇದರಾಗ ನೀನೂ ಮಲಗೀದಿ, ಮರೀಬ್ಯಾಡ” ಎಂದಳು ಮೌಶಿ. ಅಂಥಾ ಮಾತಿಗೆ ಎದುರುತ್ತರ ಎಲ್ಲಿದೆ? ಛಾವಣಿಯ ಕಂಬಿಗಳಿಗೆ ಕಟ್ಟಿದೆವು. ಆ ಕಂಬಿಗೆ 50 ಕೆಜಿಯ ಮಿತಿ ಇದೆ. ತೊಟ್ಟಿಲಿನ ತೂಕ ಅದರೊಳಗೇ ಇದ್ದಂತಿತ್ತು, ಅಪ್ಪ ಒಂದೇ ಕೈಯಲ್ಲಿ ಎತ್ತಿ ನೋಡಿ “ಹೂಂ” ಎಂದದ್ದೇ ನಮಗೆ ಪ್ರಮಾಣ. ಹಗ್ಗ ಕಟ್ಟಿದ್ದೂ ಅಪ್ಪನೇ. ಮೂವತ್ತು ವರ್ಷ ಸಾರಿಗೆ ಬಸ್ಸು ಓಡಿಸಿದವನು. ಬಸ್ಸಿನ ಮೇಲೆ ಬುಟ್ಟಿ, ಸೈಕಲ್ಲು, ಒಮ್ಮೆ ಕುರಿಯನ್ನೂ ಕಟ್ಟಿದ್ದನಂತೆ.

ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಿಕೊಂಡೆವು. ಡ್ರೈವರ್ ಬಾಗಿಲು ತೆರೆದರೆ ಒಳಗಂಚಿನಲ್ಲಿ ಅಂಟಿಸಿದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಎಷ್ಟು ಗಾಳಿ ಎಂದು ಬೇರೆಯಾಗಿ ಬರೆದಿರುತ್ತದೆ. ನಾನು ಮೂರು ವರ್ಷದಲ್ಲಿ ಅದನ್ನು ಓದಿದ್ದು ಅಂದೇ.

ತಡಸ ದಾಟಿ ಮುಂಡಗೋಡಿನ ದಾರಿ ಹಿಡಿದ ಮೇಲೆ ವೇಗ ಅರವತ್ತಾದರೆ ತೊಟ್ಟಿಲು ಸಿಳ್ಳೆ ಹೊಡೆಯುತ್ತಿತ್ತು, ಐವತ್ತಕ್ಕಿಳಿದರೆ ಸುಮ್ಮನಾಗುತ್ತಿತ್ತು. ಐವತ್ತರಲ್ಲೇ ಹೋದೆವು. ಮುಂಡಗೋಡಿನ ಹತ್ತಿರ ಹಗ್ಗ ಸಡಿಲಾಯಿತು. ಅಲ್ಲಿ 1960ರ ದಶಕದಿಂದ ಟಿಬೆಟಿಯನ್ನರ ಕ್ಯಾಂಪುಗಳಿವೆ. ಕೆಂಪು ನಿಲುವಂಗಿಯ ಇಬ್ಬರು ತರುಣ ಭಿಕ್ಷುಗಳು ಬೈಕು ನಿಲ್ಲಿಸಿ ಒಂದು ತುದಿ ಹಿಡಿದುಕೊಂಡರು. “ಗಂಡು ಮಗುವಾ, ಹೆಣ್ಣಾ?” ಎಂದು ಅವರಲ್ಲೊಬ್ಬ ಚೊಕ್ಕ ಕನ್ನಡದಲ್ಲಿ ಕೇಳಿದ. ಹೆಣ್ಣು ಎಂದಳು ಮೌಶಿ, ಮತ್ತು ಅಂಟಿನ ಉಂಡಿ ಕೊಟ್ಟಳು. ಅವರು ಅಲ್ಲೇ ನಿಂತು ತಿಂದು ಹೋದರು.

ಕೊನೆಯ ಸಾಲಿನಲ್ಲಿ ಕೂರುವುದು ಯಾರು ಎಂಬ ಜಗಳ ಶಿರಸಿ ಮುಟ್ಟುವವರೆಗೂ ನಡೆಯಿತು. ಮಧ್ಯದ ಸಾಲನ್ನು ಸ್ವಲ್ಪ ಮುಂದೆ ಸರಿಸಿದರೆ ಹಿಂದಿನವರಿಗೆ ಮೊಣಕಾಲಿಗೆ ಜಾಗವಾಗುತ್ತದೆ, ಮೇಲೆ ಅವರದ್ದೇ ಎಸಿ ಕಿಂಡಿಯೂ ಇದೆ. ಆದರೂ ಹದಿನಾಲ್ಕರ ಮಗಳಿಗೆ ಅದು ಸೀಟಲ್ಲ, ಶಿಕ್ಷೆ. ಎಂಟರ ಮಗ ಮಾತ್ರ ಖುಷಿಯಾಗಿದ್ದ. ದೊಡ್ಡವರು ಅಲ್ಲಿ ಒಂದು ತಾಸಿಗಿಂತ ಹೆಚ್ಚು ಕೂರಲಾರರು ಎಂಬುದು ನನ್ನ ಅನುಭವ. ಯಾರಾದರೂ ಹಾಗಲ್ಲ ಎಂದರೆ ಅವರನ್ನು ಹಿಂದೆ ಕೂರಿಸಿ ಶಿರಸಿವರೆಗೆ ಕರೆದೊಯ್ಯಬೇಕು.

ತಂಗಿಯ ಮನೆ ಯಲ್ಲಾಪುರ ರಸ್ತೆಯ ಕಡೆ, ಅಡಿಕೆ ತೋಟದ ಮೇಲಿನ ಒಂದು ಊರಲ್ಲಿ. ಮನೆ ಹೆಗಡೆ ಅಜ್ಜನದು, ಪಕ್ಕದ ಭಾಗ ಇವರಿಗೆ ಬಾಡಿಗೆ. ಅಜ್ಜ ಜಗಲಿಯಿಂದ ಎದ್ದು ಬಂದು ಮೊದಲು ತೊಟ್ಟಿಲು ನೋಡಿದರು, ಆಮೇಲೆ ನಮ್ಮನ್ನು. “ಬನ್ನಿ, ಬನ್ನಿ, ಕೈಕಾಲು ತೊಳ್ಕಳಿ. ಆಸ್ರಿಗೆ ಎಂತ ಕುಡೀತ್ರಿ?” ಆಸ್ರಿ ಅಂದರೆ ಏನೆಂದು ಮಗ ನನ್ನ ಕಿವಿಯಲ್ಲಿ ಕೇಳುವಷ್ಟರಲ್ಲಿ ಎಲ್ಲರ ಕೈಗೂ ಮುರುಗಲು ಹಣ್ಣಿನ ಶರಬತ್ತು ಬಂದಿತ್ತು.

ಎರಡನೇ ದಿನ: ಶಾಲ್ಮಲೆ ಮತ್ತು ಹಲಸು

ಬೆಳಿಗ್ಗೆ ಸಹಸ್ರಲಿಂಗಕ್ಕೆ ಹೋದೆವು. ಮೇ ತಿಂಗಳಲ್ಲಿ ಶಾಲ್ಮಲೆ ಬಡಕಲಾಗಿರುತ್ತಾಳೆ, ಅದೇ ನೋಡುವವರಿಗೆ ಲಾಭ: ಮಳೆಗಾಲದಲ್ಲಿ ಮುಳುಗಿರುವ ಲಿಂಗ, ನಂದಿಗಳೆಲ್ಲ ಮೇಲೆ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ, 1678ರಿಂದ 1718ರ ನಡುವೆ, ಹೊಳೆಯ ಬಂಡೆಗಳಲ್ಲೇ ಕೆತ್ತಿಸಿದ್ದು. ಲೆಕ್ಕ ಹಾಕುತ್ತೇನೆಂದು ಹೊರಟ ಮಗ ನಲವತ್ತೇಳಕ್ಕೆ ಸೋತ. ಅಪ್ಪ ಬಂಡೆಯ ಮೇಲೆ ಬಿಟ್ಟ ಚಪ್ಪಲಿಯಲ್ಲಿ ಒಂದು ತೇಲಿಹೋಯಿತು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾರೂ ಅದನ್ನು ಹಿಡಿಯುವ ಸಾಹಸ ಮಾಡಲಿಲ್ಲ. ಉಳಿದ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಅಪ್ಪ ಕಾರಿಗೆ ಬಂದ, “ಜೋಡಿ ಸಿಕ್ಕೀತು” ಎಂಬ ಆಸೆ ಇದ್ದಂತೆ.

ಮಧ್ಯಾಹ್ನದ ಊಟದ ಬಗ್ಗೆ ಬರೆಯದಿದ್ದರೆ ಪಾಪ ಬರುತ್ತದೆ. ಬ್ರಾಹ್ಮಿ ಸೊಪ್ಪಿನ ತಂಬುಳಿ, ಅಪ್ಪೆಮಿಡಿಯ ಅಪ್ಪೆಹುಳಿ, ಹಲಸಿನಕಾಯಿ ಪಲ್ಯ, ಕೊನೆಗೆ ತುಪ್ಪ ಸವರಿದ ತೊಡದೇವು. ಅಪ್ಪೆಹುಳಿಯನ್ನು ಅನ್ನಕ್ಕೆ ಕಲೆಸುವುದಕ್ಕಿಂತ ಲೋಟದಲ್ಲಿ ಕುಡಿಯಬೇಕು ಎಂದು ಅಜ್ಜನ ಆಗ್ರಹ. “ಮೂರು ಲೋಟ ಆದ್ಮೇಲೆ ಮಲಗ್ದೇ ಇದ್ರೆ ಕೇಳಿ” ಎಂದರು. ನಾನು ಎರಡಕ್ಕೇ ಮಲಗಿದೆ. ಜೋಳದ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ ಎನ್ನುವ ಅವ್ವ ಕೂಡ ತಂಬುಳಿ ಮಾಡುವ ಕ್ರಮ ಕೇಳಿ ಬರೆದುಕೊಂಡಳು.

ಸಂಜೆ ಜಗಲಿಯಲ್ಲಿ ಅಜ್ಜ ಕಾರಿನ ವಿಚಾರಣೆ ಶುರುಮಾಡಿದರು. ಎಂಜಿನ್ ಎಷ್ಟು? 999 ಸಿಸಿ, ಮೂರು ಸಿಲಿಂಡರು, 72 ಕುದುರೆ ಎಂದೆ. “ಏಳು ಜನಕ್ಕಾ!” ಎಂದರು. ಗಾಡಿಯ ತೂಕವೇ ಸಾವಿರ ಕೆಜಿಯ ಹತ್ತಿರ, ಅದರ ಮೇಲೆ ನಾವು ಏಳು ಜನ ನಾಲ್ಕುನೂರು ಕೆಜಿ. ತಲೆಗೆ ಹತ್ತು ಕುದುರೆ. ಇಷ್ಟು ಸಣ್ಣ ಎಂಜಿನ್ ಯಾಕೆ ಹಾಕುತ್ತಾರೆ ಎಂಬುದಕ್ಕೆ ಉತ್ತರ ಸುಲಭ. ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಇದ್ದರೆ ಸರ್ಕಾರ ಅದನ್ನು ಸಣ್ಣ ಕಾರು ಎಂದು ಲೆಕ್ಕ ಹಿಡಿದು ತೆರಿಗೆ ಕಡಿಮೆ ಹಾಕುತ್ತದೆ. ನಮ್ಮದು 3.99 ಮೀಟರು. 2019ರಲ್ಲಿ ಈ ಕಾರು ಮೊದಲು ಬಂದಾಗ ಬೆಲೆ ಐದು ಲಕ್ಷದ ಕೆಳಗೆ ಶುರುವಾಗಿದ್ದು, ನನ್ನಂಥ ಸಂಬಳದವನು ಏಳು ಸೀಟಿನ ಕನಸು ಕಂಡದ್ದು ಎಲ್ಲ ಈ ಒಂದು ಸೆಂಟಿಮೀಟರಿನ ಕರಾಮತ್ತಿನಿಂದ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, “ಘಟ್ಟ ಹತ್ತುತ್ತದ್ಯಾ?” ಎಂದರು. ಅಪ್ಪ ನನ್ನ ಕಡೆ ನೋಡಿದ. ನಾನು ತೋಟದ ಕಡೆ ನೋಡಿದೆ.

ರಾತ್ರಿ ಒಂದು ಇಡೀ ಹಲಸಿನಹಣ್ಣು, ಒಂದು ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳದ ಕಟ್ಟು ಬಾಗಿಲ ಬಳಿ ಸಿದ್ಧವಾದವು. ಮೌಶಿ ಇಲ್ಲೇ ಉಳಿಯುವುದರಿಂದ ನಾವೀಗ ಆರು ಜನ. ಹಿಂದಿನ ಸೀಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ; ಪಾನಾ ಏನೂ ಬೇಡ, ಪಟ್ಟಿ ಎಳೆದು ಎತ್ತಿದರೆ ಆಯಿತು. ಒಂದನ್ನು ಬಿಚ್ಚಿದ್ದೇ 84 ಲೀಟರಿನ ಜಾಗ 320 ಆಯಿತು. ಹಲಸು ಗಣಪತಿಯ ಹಾಗೆ ಒಳಗೆ ಕೂತಿತು. ಬಿಚ್ಚಿದ ಸೀಟನ್ನು ಜಗಲಿಯ ಮೇಲೆ ಇಟ್ಟೆವು. ವಾಪಸು ಇದೇ ದಾರಿಯಲ್ಲಿ ತಾನೇ ಬರುವುದು.

ಮೂರನೇ ದಿನ: ದೇವಿಮನೆ ಇಳಿಜಾರು

ಶಿರಸಿಯಿಂದ ಕುಮಟಾಕ್ಕೆ ಅರವತ್ತು ಕಿಲೋಮೀಟರು. ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಈ ದಾರಿಯನ್ನು ಆಗಾಗ ಬಂದ್ ಮಾಡಿದ್ದುಂಟು, ಹಾಗಾಗಿ ಹಿಂದಿನ ರಾತ್ರಿಯೇ ತಂಗಿಯ ಗಂಡ ಫೋನು ಹಚ್ಚಿ ಕೇಳಿಕೊಂಡಿದ್ದ. ನೀವೂ ಕೇಳಿಕೊಂಡೇ ಹೊರಡುವುದು ಒಳ್ಳೆಯದು.

ಕಾಡು ದಟ್ಟವಾಗುತ್ತ ಹೋಯಿತು. ದೇವಿಮನೆ ಘಟ್ಟ ಶುರುವಾದಾಗ ನಾನು ಮೂರನೇ ಗೇರಿನಲ್ಲಿ, ಕಾಲು ಬ್ರೇಕಿನ ಮೇಲೆ. ತಿರುವಿಗೊಮ್ಮೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಮುಂದಿನ ಸೀಟಿನಲ್ಲಿ ಅಪ್ಪನ ಬಲಗಾಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳು ಹಿಂದಿನಿಂದ, “ಏನೋ ಸುಟ್ಟ ವಾಸನೆ” ಎಂದಳು. ಹೆಂಡತಿ ಹಲಸಿನಹಣ್ಣಿನ ಮೇಲೆ ಅನುಮಾನ ಪಟ್ಟಳು.

“ನಿಂದರಸು” ಎಂದ ಅಪ್ಪ.

ಮುಂದಿನ ಚಕ್ರಗಳ ಹತ್ತಿರ ಕೈ ಒಯ್ದರೆ ಒಲೆಯ ಕಾವು. ಅಪ್ಪ ನೀರು ಹಾಕಲು ಬಿಡಲಿಲ್ಲ. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಡಿಸ್ಕು ಡೊಂಕಾಗುತ್ತದಂತೆ. ಅರ್ಧ ತಾಸು ಸುಮ್ಮನೆ ಕೂತೆವು. ಆಗ ಹೇಳಿದ: “ಘಟ್ಟ ಯಾವ ಗೇರಿನಾಗ ಹತ್ತತೀ, ಅದ ಗೇರಿನಾಗ ಇಳೀಬೇಕು. ಬ್ರೇಕ್ ಇರೂದು ನಿಲ್ಲಾಕ. ಇಳಿಯಾಕ ಎಂಜಿನ್ ಐತಿ.” ಮೊದಲೇ ಯಾಕೆ ಹೇಳಲಿಲ್ಲ ಎಂದರೆ, “ನೀ ಕೇಳಿಲ್ಲಲ್ಲ” ಎಂದ. ತಪ್ಪು ಪೂರ್ತಿ ನನ್ನದೇ. ಕಾರು ಪಾಪ ಏನು ಮಾಡೀತು. ಉಳಿದ ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿದೆ. ಎಂಜಿನ್ ಗುರ್ ಎನ್ನುತ್ತ ಗಾಡಿಯನ್ನು ತಾನೇ ಹಿಡಿದುಕೊಂಡಿತು, ಬ್ರೇಕು ಮುಟ್ಟಿದ್ದು ತಿರುವುಗಳಲ್ಲಿ ಮಾತ್ರ.

ಘಟ್ಟದ ಕೆಳಗೆ ಚಹಾ ಅಂಗಡಿ. ಯಾಣಕ್ಕೆ ಹೋಗೋಣ ಎಂದು ಮಕ್ಕಳ ಹಟ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಚಿತ್ರ ಮೊಬೈಲಿನಲ್ಲಿ ನೋಡಿ ನನಗೂ ಮನಸ್ಸಿತ್ತು. ಅವ್ವನ ಮೊಣಕಾಲು ಒಪ್ಪಲಿಲ್ಲ. ನಮ್ಮ ಜಗ್ಗಾಟ ಕೇಳುತ್ತಿದ್ದ ಅಂಗಡಿಯವರು ನಕ್ಕರು: “ನಮ್ಮಲ್ಲಿ ಒಂದು ಮಾತುಂಟು ಮಾರಾಯ್ರೆ. ಸೊಕ್ಕಿದ್ದವ ಯಾಣಕ್ಕೆ ಹೋಗ್ತ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತ. ನೀವು ಯಾವುದು?” ಸೊಕ್ಕು ದೇವಿಮನೆಯಲ್ಲೇ ಇಳಿದಿತ್ತು. ರೊಕ್ಕ ಇರುವವರಂತೆ ನಟಿಸುತ್ತ ಗೋಕರ್ಣದ ಕಡೆ ಹೊರಟೆವು.

ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಸಾಲು. ಸೊಪ್ಪಿನ ಸಮೇತ ಹೆಣೆದು ಗೊಂಚಲು ಮಾಡಿ, ಬಿದಿರಿಗೆ ನೇತುಹಾಕಿರುತ್ತಾರೆ. ಬೇಸಿಗೆಯಲ್ಲಿ ಮಾತ್ರ ಈ ವೈಭವ. ಉಳ್ಳಾಗಡ್ಡಿಯ ನಾಡಿನಿಂದ ಬಂದ ಅವ್ವ ಒಂದನ್ನು ಹಸಿಯಾಗಿ ಕಚ್ಚಿ, ಕಣ್ಣಲ್ಲಿ ನೀರು ಬರದೆ ಇದ್ದದ್ದಕ್ಕೆ ಅನುಮಾನದಿಂದ ನೋಡಿದಳು. “ಇದೇನ್ ಉಳ್ಳಾಗಡ್ಡಿನೋ, ಹಣ್ಣೋ!” ಎಂದು ನಾಲ್ಕು ಗೊಂಚಲು ಕೊಂಡಳು. ಮಾರುವ ಹೆಂಗಸು ಎಚ್ಚರಿಸಿದಳು: “ಚೀಲದಲ್ಲಿ ಕಟ್ಟಿಡಬೇಡಿ ಅಮ್ಮ, ಕೊಳೀತದೆ. ಗಾಳಿಯಾಡುವಲ್ಲಿ ತೂಗಿ ಹಾಕಿ, ಮಳೆಗಾಲಕ್ಕಾಗ್ತದೆ.” ಕಾರಿನಲ್ಲಿ ಗಾಳಿಯಾಡುವ ಜಾಗ ಎಲ್ಲಿ? ಕಿಟಕಿ ಮೇಲಿನ ಹಿಡಿಕೆಗಳಿಗೆ ಒಂದೊಂದು ಗೊಂಚಲು ಕಟ್ಟಿದೆವು. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಯಾರದಾದರೂ ತಲೆಗೆ ಈರುಳ್ಳಿ.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ. ಬೆಳ್ಳಗೆ ಗುಡ್ಡೆ ಹಾಕಿದ ಉಪ್ಪು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಊರಿನ ಒಳಗಿನ ಬೀದಿಗಳು ರಥಕ್ಕೆ, ಹಸುಗಳಿಗೆ ಮಾಡಿದವು. ಕಾರನ್ನು ಹೊರಗೇ ನಿಲ್ಲಿಸಿ ನಡೆಯುವುದು ಲೇಸು. ಬಿಸಿಗೆ ಒಳಗೆ ಉಸಿರುಗಟ್ಟಬಾರದೆಂದು ಕಿಟಕಿಗಳನ್ನು ನಾಲ್ಕು ಬೆರಳು ಇಳಿಸಿಟ್ಟು ದರ್ಶನಕ್ಕೆ ಹೋದೆ. ಮಹಾಬಲೇಶ್ವರನ ಎದುರು ಸಾಲಿನಲ್ಲಿದ್ದಾಗ ಗುಡುಗಿತು. ಹೊರಬರುವಷ್ಟರಲ್ಲಿ ಮೇ ತಿಂಗಳ ಮೊದಲ ಮಳೆ ಅರ್ಧ ತಾಸು ಹೊಡೆದು ನಿಂತಿತ್ತು. ಮಧ್ಯದ ಸೀಟು ಹಿಂಡಿದರೆ ನೀರು. ಆ ರಾತ್ರಿ ಕರೆಂಟೂ ಇರಲಿಲ್ಲ. ಆದರೆ ಕಡಲಿನ ಮೇಲೆ ಮಿಂಚು ಹಬ್ಬುವುದನ್ನು ಲಾಡ್ಜಿನ ತಾರಸಿಯಿಂದ ನೋಡುತ್ತ ಕೂತಾಗ ಯಾರಿಗೂ ಕರೆಂಟಿನ ನೆನಪಾಗಲಿಲ್ಲ.

ನಾಲ್ಕನೇ ದಿನ: ಕಾರವಾರ

ಒದ್ದೆ ಸೀಟಿನ ಮೇಲೆ ಲಾಡ್ಜಿನ ಹಳೆಯ ಪೇಪರು ಹಾಸಿ ಹೊರಟೆವು. ಅಂಕೋಲೆಗೆ ಮೊದಲು ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಗಂಗಾವಳಿಯ ಪಕ್ಕದಲ್ಲೇ ಇದ್ದ ಚಹಾದಂಗಡಿ, ನಿಂತಿದ್ದ ವಾಹನಗಳು, 11 ಜನ. ಲಾರಿಯೊಂದನ್ನು ಹೊಳೆಯಿಂದ ತೆಗೆಯುವುದಕ್ಕೆ ಸೆಪ್ಟೆಂಬರ್ ಆಗಿತ್ತು. ಗುಡ್ಡದ ಮೈ ಇನ್ನೂ ಕೆಂಪಗೆ ಸುಲಿದಂತಿದೆ. ಬಸ್ಸಿನ ದಿನಗಳಲ್ಲಿ ಅಪ್ಪ ಈ ದಾರಿಯಲ್ಲಿ ಎಷ್ಟು ಕಡೆ ಚಹಾಕ್ಕೆ ನಿಲ್ಲಿಸಿದ್ದನೋ. ಕಿಟಕಿ ಇಳಿಸಿ ನೋಡಿದ, ಏರಿಸಿದ. ಅಂಕೋಲೆ ಬರುವವರೆಗೆ ಕಾರಿನಲ್ಲಿ ಮಾತಿರಲಿಲ್ಲ.

ಅಂಕೋಲೆಯಲ್ಲಿ ಕರಿ ಈಶಾಡು ಮಾವಿನಹಣ್ಣು. ತೆಳು ಸಿಪ್ಪೆ, ನಾರಿಲ್ಲ, ಬೇಗ ಕೆಡುತ್ತದೆ. ಹಾಗಾಗಿ ದೂರ ಹೋಗುವುದಿಲ್ಲ, ನಾವೇ ಬಂದು ತಿನ್ನಬೇಕು. ಒಂದು ಡಜನ್ ಕೊಂಡು ಅಲ್ಲೇ ಬಾನೆಟ್ಟಿಗೆ ಒರಗಿ ಎಂಟು ಮುಗಿಸಿದೆವು.

ಕಾರವಾರದಲ್ಲಿ ಮಕ್ಕಳು ಕಡಲತೀರದ ಯುದ್ಧನೌಕೆ ಐಎನ್‌ಎಸ್ ಚಾಪಲ್ ಹತ್ತಿ ಇಳಿಯುವುದನ್ನೇ ಎರಡು ತಾಸು ಮಾಡಿದರು. ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ತರುಣ ಕವಿ ಬಂದು ಉಳಿದಿದ್ದರು. ನ್ಯಾಯಾಧೀಶರ ಮನೆಯಲ್ಲಿ ಉಳಿದು ಕಡಲು ನೋಡುವ ಯೋಗ ನಮಗಿಲ್ಲ. ನಾವು ಉಳಿದ ಕೋಣೆಯ ಕಿಟಕಿಗೆ ಬಸ್‌ಸ್ಟ್ಯಾಂಡು ಕಾಣುತ್ತಿತ್ತು. ಅಪ್ಪ ಅದನ್ನೇ ಕಡಲಿನ ಹಾಗೆ ನೋಡುತ್ತ ನಿಂತ.

ಮಧ್ಯಾಹ್ನ ಮನೆಯವರೆಲ್ಲ ಸಸ್ಯಾಹಾರಿ ಹೋಟೆಲ್ಲಿಗೆ ಹೋದರು. ನಾನು, ಮಗಳು “ಎಟಿಎಂ ಹುಡುಕಿ ಬರ್ತೇವೆ” ಎಂದು ಜಾರಿಕೊಂಡು ಇಸ್ವಣದ ತುಂಡು ರವೆಯಲ್ಲಿ ಕರಿದದ್ದು, ಸೋಲ್‌ಕಡಿ, ಕುಚಲಕ್ಕಿ ಅನ್ನ ಹೊಡೆದೆವು. ತಿರುಗಿ ಬಂದಾಗ ಅವ್ವ ಮೂಗೇರಿಸಿ, “ಎಟಿಎಂನಾಗ ಮೀನು ಕೊಡ್ತಾರೇನು?” ಎಂದಳು.

ಸಂಜೆ ಕಾಳಿ ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿ ಬಂದೆವು. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಿತ್ತು; ಚಾಲಕ ಬದುಕಿಬಂದ. ಆ ಸೇತುವೆಯ ಮೇಲೆ ಗೋವಾ ಕಡೆಗೆ ಬಸ್ಸು ಓಡಿಸಿದ್ದೇನೆ ಎಂದು ಅಪ್ಪ ಮೊಮ್ಮಗನಿಗೆ ಹೇಳುತ್ತಿದ್ದ. ಮೊಮ್ಮಗ “ನೀನು ಹೋದದ್ದಕ್ಕೇ ಬಿತ್ತಾ?” ಎಂದ.

ಐದನೇ ದಿನ: ಅರಬೈಲು

ಶಿರಸಿ ಮೇಲೆ ವಾಪಸಾಗಬೇಕು, ಸೀಟು ಅಲ್ಲಿದೆ ಎಂದು ನಾನು. ಅಪ್ಪ ಬೆಳಿಗ್ಗೆ ಐದಕ್ಕೇ ಸ್ನಾನ ಮುಗಿಸಿ ತಯಾರಾಗಿದ್ದ. “ಅರಬೈಲ್ ಮ್ಯಾಲೆ ಹೋಗೂಣು. ಘಟ್ಟ ನಾ ಹೊಡೀತೀನಿ.” ನಿವೃತ್ತಿಯಾದ ಮೇಲೆ ಹತ್ತು ವರ್ಷದಲ್ಲಿ ಅವನು ಹೀಗೆ ಏನನ್ನೂ ಕೇಳಿರಲಿಲ್ಲ. ಲೈಸೆನ್ಸು ನವೀಕರಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದಾನೆ ಎಂಬುದೂ ಆಗಲೇ ಗೊತ್ತಾಗಿದ್ದು. ಸೀಟು ಎಲ್ಲಿ ಹೋಗುತ್ತದೆ ಎಂದುಕೊಂಡೆ.

ಅಂಕೋಲೆಯಿಂದ ಒಳಗೆ ತಿರುಗಿ ಘಟ್ಟದ ಬುಡದಲ್ಲಿ ಸ್ಟಿಯರಿಂಗ್ ಕೊಟ್ಟೆ. ಅವನು ಮೊದಲು ಎಸಿ ಆರಿಸಿದ. ಆಮೇಲೆ ಸೀಟು ಮುಂದೆ ಎಳೆದ, ಕನ್ನಡಿ ತಿದ್ದಿದ, ಹೊಸ ಚಪ್ಪಲಿ ಕಳಚಿ ಬರಿಗಾಲಲ್ಲಿ ಪೆಡಲ್ ಮೇಲೆ ಕಾಲಿಟ್ಟ. ಮುಂದೆ ಲಾರಿಗಳ ಸಾಲು, ಒಂದರ ಹಿಂದೆ ಒಂದು, ಇರುವೆಯ ಹಾಗೆ.

ನಾನು ಈ ಕಾರನ್ನು ಓಡಿಸುವುದು ಮೈಲೇಜಿನ ಭಯದಿಂದ. ಎಂಜಿನ್ ಸ್ವಲ್ಪ ದನಿ ಏರಿಸಿದರೂ ಗೇರು ಬದಲಿಸುತ್ತೇನೆ. ಏರು ಬಂದರೆ ಅದು ಉಸಿರುಗಟ್ಟಿ ಕುಸಿಯುತ್ತದೆ, ನಾನು ಸಣ್ಣ ಎಂಜಿನ್ನು ಎಂದು ಬೈದುಕೊಳ್ಳುತ್ತೇನೆ. ಅಪ್ಪ ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಿ ಆಕ್ಸಿಲೇಟರ್ ಒತ್ತಿಹಿಡಿದ. ಮೂರು ಸಿಲಿಂಡರೂ ಕೂಗತೊಡಗಿದವು. ನನಗೆ ಎದೆ ಹೊಡೆದುಕೊಂಡಿತು. “ಅಪ್ಪಾ, ಬಾಳ ಕೂಗಾಕತ್ತೈತಿ.”

“ಕೂಗಲಿ ಬಿಡು. ಸಣ್ಣ ಹೋರಿ, ಕೂಗಿದ್ರನ ಎಳಿತೈತಿ. ಬಾಯಿ ಮುಚ್ಚಿಸಿದ್ರ ಕುಂತಬಿಡತೈತಿ.”

ಮನೆಗೆ ಬಂದ ಮೇಲೆ ಪುಸ್ತಕ ತೆರೆದು ನೋಡಿದೆ. ಈ ಎಂಜಿನ್ನಿನ ಎಳೆತ, 96 ನ್ಯೂಟನ್ ಮೀಟರು, ತುದಿ ಮುಟ್ಟುವುದೇ ನಿಮಿಷಕ್ಕೆ 3500 ಸುತ್ತಿನಲ್ಲಿ. ಟರ್ಬೊ ಇಲ್ಲದ ಸಣ್ಣ ಎಂಜಿನ್ ಎರಡು ಸಾವಿರ ಸುತ್ತಿನಲ್ಲಿ ಘಟ್ಟ ಹತ್ತಲಿ ಎಂದು ನಾನು ಮೂರು ವರ್ಷದಿಂದ ಒತ್ತಾಯಿಸುತ್ತಿದ್ದೆ. ಅಪ್ಪ ಪುಸ್ತಕ ಓದಿದವನಲ್ಲ, ಕಿವಿಯಿಂದ ಓಡಿಸಿದ.

ಲಾರಿಗಳನ್ನು ಹಿಂದೆ ಹಾಕುವ ಆತುರ ಅವನಿಗಿರಲಿಲ್ಲ. ತಿರುವಿನಲ್ಲಿ ಎದುರಿನವನಿಗೆ ದಾರಿ ಬಿಟ್ಟು, ಲಾರಿಯವನು ಇಂಡಿಕೇಟರ್ ತೋರಿಸಿ ಬಿಟ್ಟಾಗ ಮಾತ್ರ ಒಂದು ಸಣ್ಣ ಹಾರ್ನು ಹೊಡೆದು ದಾಟುತ್ತಿದ್ದ. ಎಸಿ ಇಲ್ಲದೆ ಎಲ್ಲರ ಮೈಯಲ್ಲೂ ಬೆವರು. ತೆರೆದ ಕಿಟಕಿಯಿಂದ ಕಾಡಿನ ಗಾಳಿ, ಡೀಸೆಲ್ ಹೊಗೆ, ಹಲಸಿನ ವಾಸನೆ ಎಲ್ಲ ಸೇರಿ ಬರುತ್ತಿದ್ದವು. ಈರುಳ್ಳಿ ತಲೆಗೆ ಬಡಿಯುತ್ತಿದ್ದರೂ ಈ ಸಲ ಯಾರೂ ದೂರಲಿಲ್ಲ. ಮೇಲೆ ಬಂದಾಗ ಯಲ್ಲಾಪುರದ ತಂಪು ಮುಖಕ್ಕೆ ಹೊಡೆಯಿತು. ಅಪ್ಪ ಕಾರು ನಿಲ್ಲಿಸಿ, ಇಳಿದು, ಬಾನೆಟ್ಟಿನ ಮೇಲೆ ಒಮ್ಮೆ ಅಂಗೈಯಿಟ್ಟು, ಚಹಾ ಹೇಳಲು ಹೋದ. ಕೀಲಿ ನನ್ನ ಕೈಗೆ ಬಂದದ್ದು ಕಲಘಟಗಿ ದಾಟಿದ ಮೇಲೆ.

ಐದು ದಿನಕ್ಕೆ ಸುಮಾರು ಐನೂರು ಕಿಲೋಮೀಟರು. ಲೀಟರಿಗೆ ಹದಿನಾಲ್ಕರ ಆಸುಪಾಸು ಬಿತ್ತು, ನಾನೊಬ್ಬನೇ ಆಫೀಸಿಗೆ ಓಡಿಸುವುದಕ್ಕಿಂತ ಎರಡು ಕಡಿಮೆ.

ಹಲಸು ನಾಲ್ಕು ಮನೆಗೆ ಹಂಚಿದೆವು. ಈರುಳ್ಳಿ ಅಡುಗೆಮನೆಯ ತೊಲೆಗೆ ಏರಿತು. ಮರುದಿನ ಶಿರಸಿಗೆ ಫೋನು ಮಾಡಿದೆ, ಮುಂದಿನ ವಾರ ಯಾರಾದರೂ ಬರುವವರಿದ್ದರೆ ಸೀಟು ಕಳಿಸು ಎಂದು. ತಂಗಿ ನಕ್ಕು ಒಂದು ಫೋಟೋ ಕಳಿಸಿದಳು. ಜಗಲಿಯಲ್ಲಿ ಕಾರಿನ ಸೀಟು, ಅದರಲ್ಲಿ ಹೆಗಡೆ ಅಜ್ಜ, ಎಡಗೈಯಲ್ಲಿ ಪೇಪರು. ಬಲಗೈಯಲ್ಲಿ ಪಕ್ಕದ ತೊಲೆಗೆ ತೂಗುಹಾಕಿದ ತೊಟ್ಟಿಲಿನ ಹಗ್ಗ. ಹಿಂದೆ ಮೌಶಿ ಅಕ್ಕಿ ಆರಿಸುತ್ತಿದ್ದಾಳೆ.

ಫೋನು ಅಜ್ಜನ ಕೈಗೆ ಹೋಯಿತು. “ನಿಮ್ಮ ಸೀಟು ಬೆನ್ನಿಗೆ ಭಾರೀ ಹಿತ ಇದ್ದು ಮಾರಾಯ್ರೆ” ಎಂದರು. “ಅವಸರ ಎಂತದೂ ಇಲ್ಯಲ?”